ತಿಪ್ಪೆ ಯಾವ ಕಾಲಮ್ಮಿಗೆ ಸೇರುತ್ತದೆ

ಹೊಳೆನರಸೀಪುರದ ನಮ್ಮ ಮನೆಯ ಹಿತ್ತಲ ಬಾಗಿಲು ತೆರೆದರೆ ಎಡಗಡೆ ಒಂದು ಕರಿಬೇವಿನ ಗಿಡ, ಬಲಗಡೆ ತಿಪ್ಪೆ. ನಾನು ಹುಟ್ಟುವುದಕ್ಕೆ ಮುಂಚೆಯೂ ಹೀಗೇ ಇತ್ತಂತೆ. ಬಚ್ಚಲೊಲೆಯ ಬೂದಿ, ತರಕಾರಿ ಸಿಪ್ಪೆ, ಗುಡಿಸಿದ ತರಗು, ಉಂಡು ಎತ್ತಿದ ಬಾಳೆಲೆ, ಮೂಲೆಮನೆಯವರು ಹಸು ಕಟ್ಟಿದ್ದರಿಂದ ಅವರು ಆಗಾಗ ತಂದು ಸುರಿಯುತ್ತಿದ್ದ ಒಂದೊಂದು ಮಂಕರಿ ಸಗಣಿ, ಎಲ್ಲವೂ ಅಲ್ಲಿಗೇ. ನಮ್ಮ ಬೀದಿಯ ಪ್ರತಿ ಮನೆಯ ಹಿತ್ತಲಲ್ಲೂ ಇಂಥದೊಂದು ತಿಪ್ಪೆ ಇತ್ತು. ಹಿತ್ತಲುಗಳ ಹಿಂದೆ ಒಂದು ಎತ್ತಿನಗಾಡಿ ಹೋಗುವಷ್ಟು ಅಗಲದ ಓಣಿ. ಆ ಓಣಿ ಇರುವುದೇ ಒಂದು ಗಾಡಿಗೋಸ್ಕರ ಎಂದು ಚಿಕ್ಕವಳಿದ್ದಾಗ ತಿಳಿದುಕೊಂಡಿದ್ದೆ. ಈಗ ಯೋಚಿಸಿದರೆ ಅದು ತಪ್ಪು ತಿಳಿವಳಿಕೆಯೇನೂ ಅಲ್ಲ.

ಗಾಡಿ ದೊಡ್ಡಪ್ಪನದು. ಸ್ವಂತ ದೊಡ್ಡಪ್ಪ ಅಲ್ಲ. ಹೊಳೆಯಾಚೆ ಚೂರು ಹೊಲ ಇಟ್ಟುಕೊಂಡು ಒಂದು ಪಕ್ಕ ರಾಗಿ, ಒಂದು ಪಕ್ಕ ಸೊಪ್ಪು ಬೆಳೆಯುತ್ತಿದ್ದ ಒಕ್ಕಲು ಮನೆಯವರು. ನಮ್ಮ ತಂದೆಗಿಂತ ವಯಸ್ಸಿನಲ್ಲಿ ತುಸು ಹಿರಿಯರು, ಹಾಗಾಗಿ ನನಗೆ ದೊಡ್ಡಪ್ಪ. ಅವರ ಕೊಟ್ಟಿಗೆಯಲ್ಲಿ ಎರಡು ಎತ್ತು ಬಿಟ್ಟರೆ ಬೇರೆ ದನ ಇರಲಿಲ್ಲ. ಆ ಹೊಲ ಅಷ್ಟೂ ವರ್ಷ ಉಂಡದ್ದು ನಮ್ಮ ಬೀದಿಯ ಗೊಬ್ಬರವನ್ನೇ.

ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವಂತಿಲ್ಲ. ಮಂಗಳವಾರ, ಶುಕ್ರವಾರ ಮನೆಯಿಂದ ಏನನ್ನೂ ಹೊರಗೆ ಕೊಡುವಂತಿಲ್ಲ, ತಿಪ್ಪೆಯೂ ಲಕ್ಷ್ಮಿಯೇ ಅಲ್ಲವೇ. ಹೀಗೆ ಕಳೆಯುತ್ತಾ ಬಂದು ದೊಡ್ಡಪ್ಪನಿಗೆ ಬುಧವಾರ ಗೊತ್ತಾಗಿತ್ತು. ಬೆಳಿಗ್ಗೆ ಸೇತುವೆ ದಾಟಿಕೊಂಡು ಬರುವರು. ವಾರಕ್ಕೆ ಒಂದೇ ಮನೆಯ ತಿಪ್ಪೆ. ಬೀದಿಯ ಸಾಲು ಪೂರ್ತಿ ಮುಗಿಸಿ ಮತ್ತೆ ಮೊದಲನೇ ಮನೆಗೆ ಬರುವ ಹೊತ್ತಿಗೆ ಅಲ್ಲಿಯ ಹೊಸ ತಿಪ್ಪೆ ಕಳಿತು ಸಿದ್ಧವಾಗಿರುತ್ತಿತ್ತು. ಯಾರು ಕೂತು ಗೊತ್ತುಮಾಡಿದರೋ, ಆ ಸರದಿ ಒಂದು ಸಲವೂ ತಪ್ಪಿದ್ದನ್ನು ನಾನು ಕಾಣೆ. ದುಡ್ಡಿನ ಮಾತೇ ಇರಲಿಲ್ಲ. ಬರುವಾಗ ಗಾಡಿಯಲ್ಲಿ ದಂಟು, ಕೀರೆ, ಸಬ್ಬಸಿಗೆ ತುಂಬಿಕೊಂಡು ಬಂದು ಎಲ್ಲ ಮನೆಗೂ ಒಂದೊಂದು ಕಟ್ಟು ಕೊಟ್ಟು, ಹೋಗುವಾಗ ಒಂದು ಮನೆಯ ಗೊಬ್ಬರ ತುಂಬಿಕೊಂಡು ಹೋಗುವರು. ಬುಧವಾರ ನಮ್ಮ ಬೀದಿಯಲ್ಲಿ ಯಾರ ಮನೆಗೆ ಹೋದರೂ ಬಸ್ಸಾರಿನ ವಾಸನೆ.

ತುಂಬುವುದಕ್ಕೆ ಮುಂಚೆ ದೊಡ್ಡಪ್ಪ ಅಂಗಿಯ ತೋಳು ಮಡಿಚಿ ತಿಪ್ಪೆಯೊಳಕ್ಕೆ ಮೊಣಕೈವರೆಗೂ ಕೈ ಹಾಕಿ ಒಂದು ಗಳಿಗೆ ಸುಮ್ಮನೆ ನಿಲ್ಲುವರು, ಮಗುವಿನ ಹಣೆ ಮುಟ್ಟಿ ನೋಡುವಂತೆ. ಒಳಗೆ ಬಿಸಿ ಇದ್ದರೆ ಇನ್ನೂ ಕಳಿತಿಲ್ಲ ಎಂದು ಲೆಕ್ಕ.

“ಇನ್ನೂ ಜರ ಬುಟ್ಟಿಲ್ಲ ಕಣವ್ವ, ಮಲಗ್ಲಿ,” ಎನ್ನುವರು. ಅಂಥ ವಾರ ಪಕ್ಕದ ಮನೆಯದನ್ನು ಮೊದಲು ತುಂಬಿಕೊಳ್ಳುವರು.

ನನಗೂ ಒಂದು ಸಲ ಕೈ ಹಾಕಿಸಿದ್ದರು. ಹೊರಗೆ ಧನುರ್ಮಾಸದ ಚಳಿ, ಒಳಗೆ ಆಗ ತಾನೇ ಇಳಿಸಿದ ಅನ್ನದ ಪಾತ್ರೆಯ ಬಿಸಿ. ಕಸ ಅನ್ನುವುದಕ್ಕೆ ಜೀವ ಇರುತ್ತದೆ ಎಂದು ನಾನು ಕಲಿತದ್ದು ಹಾಗೆ. ದೀಪಾವಳಿಯ ಸಂಜೆ ಅಮ್ಮ ತುಳಸಿಗೆ, ಹೊಸ್ತಿಲಿಗೆ ಇಟ್ಟಮೇಲೆ ತಿಪ್ಪೆಯ ಮೇಲೂ ಒಂದು ಹಣತೆ, ಒಂದು ಚೆಂಡುಹೂವು ಇಟ್ಟು ಕೈಮುಗಿಯುತ್ತಿದ್ದರು.

ಕೆಲವು ವರ್ಷದ ಹಿಂದೆ, ಊರುಗಳ ಸುಸ್ಥಿರತೆಯನ್ನು ಅಳೆಯುವ ಒಂದು ಸಂಸ್ಥೆಯವರು ನಮ್ಮ ಜಿಲ್ಲೆಗೆ ಬಂದರು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ನಾಲ್ಕೂ ಊರುಗಳಲ್ಲಿ ಮನೆಮನೆಗೆ ಹೋಗಿ ಫಾರಂ ತುಂಬಲು ಸ್ಥಳೀಯರು ಬೇಕು ಎಂದರು. ನಾನು ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳಿಕೊಂಡಿದ್ದವಳು. ಬೆಳಗಿನ ಹೊತ್ತು ಖಾಲಿಯಿತ್ತು, ಸೇರಿಕೊಂಡೆ. ಏನು ಕೆಲಸ ಎಂದು ಅಮ್ಮ ಕೇಳಿದಾಗ, ನಾವು ಹೋದಮೇಲೂ ಊರು ಊರಾಗಿ ಉಳಿಯುತ್ತದೋ ಇಲ್ಲವೋ ಎಂದು ನೋಡುವುದು ಎಂದು ಹೇಳಿದೆ.

“ಅದನ್ನ ನೋಡೋಕೂ ಒಂದು ಆಫೀಸ್ ಮಾಡವ್ರಾ?” ಎಂದರು ಅಮ್ಮ, ಅವರೆಕಾಳು ಹಿಸುಕುತ್ತಾ. “ಪರವಾಗಿಲ್ಲ ಬುಡು, ಯಾರಾದ್ರೂ ನೋಡ್ಬೇಕಲ್ಲ.”

ಹಾಸನದಲ್ಲಿ ಎರಡು ದಿನದ ತರಬೇತಿ. ಸಂಸ್ಥೆಯಿಂದ ಬಂದಿದ್ದ ಯುವಕ ಒಳ್ಳೆಯವನು, ಸಮಾಧಾನದವನು, ಎಲ್ಲರಿಗೂ ಮೇಡಂ, ಸರ್ ಎನ್ನುತ್ತಿದ್ದ. ಮನೆಯ ಹಸಿಕಸ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ನಾಲ್ಕು ಕಾಲಂ ಇದ್ದವು. ಕಸದ ವಾಹನಕ್ಕೆ, ಮುಚ್ಚಳವಿರುವ ಗೊಬ್ಬರದ ತೊಟ್ಟಿಗೆ, ಬೆಂಕಿಗೆ, ಬಯಲಿನ ರಾಶಿಗೆ. ಮೊದಲೆರಡಕ್ಕೆ ಅಂಕ ಸಿಗುತ್ತದೆ, ಕೊನೆಯೆರಡಕ್ಕೆ ಹೋಗುತ್ತದೆ. ನಾನು ಎದ್ದು ನಿಂತು, ತಿಪ್ಪೆ ಯಾವ ಕಾಲಮ್ಮಿಗೆ ಸೇರುತ್ತದೆ ಎಂದು ಕೇಳಿದೆ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಮುಚ್ಚಳ ಇದೆಯೇ ಎಂದು ಅವನು ಕೇಳಿದ. ಇಲ್ಲ ಎಂದೆ. ಹಾಗಾದರೆ ಬಯಲಿನ ರಾಶಿ ಮೇಡಂ ಎಂದವನು, ಸ್ವಲ್ಪ ಯೋಚಿಸಿ, ಕೆಳಗೆ ‘ಇತರೆ’ ಎಂದು ಒಂದು ಗೆರೆ ಇದೆಯಲ್ಲ, ನಾಲ್ಕರಲ್ಲಿ ಯಾವುದಕ್ಕೂ ಹೊಂದದ್ದನ್ನು ಅಲ್ಲಿ ವಿವರವಾಗಿ ಬರೆಯಿರಿ, ನಾವು ಓದುತ್ತೇವೆ ಎಂದ. ಆ ಮಾತನ್ನು ಅವನು ಹೇಳಿದ್ದು ನಿಜ. ಅವನ ಮೇಲೆ ತಪ್ಪು ಹಾಕಲು ನನಗೆ ದಾರಿಯಿಲ್ಲ.

ಮೊದಲು ಬೇರೆ ಊರುಗಳಿಗೆ ಕಳಿಸಿದರು. ಚನ್ನರಾಯಪಟ್ಟಣದಲ್ಲಿ ಒಂದು ತೆಂಗಿನಕಾಯಿ ಮಂಡಿಗೆ ಹೋದೆ. ಯಜಮಾನರು ಟಾರ್ಪಾಲು ಮುಚ್ಚಿದ ಒಂದು ಗುಡ್ಡೆಯ ಮೇಲೆ ಕೂತು ನನಗೆ ಎಳನೀರು ಕೊಡಿಸಿದರು. ಸಿಪ್ಪೆ, ಚಿಪ್ಪು ಏನು ಮಾಡುತ್ತೀರಿ ಎಂದು ಕೇಳಿದೆ.

“ಸಿಪ್ಪೆನಾ? ನಮ್ಮ ಮಂಡೀಲಿ ಸಿಪ್ಪೆ ಅನ್ನೋದೇ ಇಲ್ಲ ಮೇಡಂ.”

ಹಾಗೆನ್ನುವಾಗ ಅವರು ಕೂತಿದ್ದ ಗುಡ್ಡೆ ಜರಿದು ಟಾರ್ಪಾಲಿನ ಕೆಳಗಿಂದ ನಾಲ್ಕು ಸಿಪ್ಪೆ ನನ್ನ ಕಾಲಿನ ಹತ್ತಿರ ಉರುಳಿ ಬಂದವು. ಇಬ್ಬರೂ ಅದನ್ನು ನೋಡದ ಹಾಗೆ ಕೂತೆವು. ಅರಕಲಗೂಡಿನಲ್ಲಿ ಒಬ್ಬ ಗೃಹಿಣಿ ಮನೆಯ ಮುಂದಿನ ಚರಂಡಿಯ ಚಪ್ಪಡಿ ತಿಕ್ಕಿ ತೊಳೆದು ಅದರ ಮೇಲೆ ರಂಗೋಲಿ ಬಿಟ್ಟಿದ್ದರು. ಚರಂಡಿ ಎಲ್ಲಿದೆ ಎಂದರೆ ನಮ್ಮಲ್ಲಿಲ್ಲ ಎಂದು ಹೇಳಿ, ಕಾಫಿ ಜೊತೆಗೆ ಕೋಡುಬಳೆ ತಂದಿಟ್ಟರು. ಹೆಣ್ಣು ನೋಡಲು ಬಂದವರ ಮುಂದೆ ಮುರುಕು ಕುರ್ಚಿಯನ್ನು ಒಳಗೆ ಸರಿಸಿ, ಪಕ್ಕದ ಮನೆಯಿಂದ ಒಳ್ಳೆ ಲೋಟ ತಂದಿಡುತ್ತೇವಲ್ಲ, ಎಲ್ಲ ಊರಿನವರೂ ಹಾಗೇ. ಸಂಜೆ ಬಸ್ಸಿನಲ್ಲಿ ಬಂದು ಅಮ್ಮನಿಗೆ ಇದನ್ನೆಲ್ಲ ಅಭಿನಯಿಸಿ ತೋರಿಸಿ ನಗಿಸುತ್ತಿದ್ದೆ. ಜನ ಯಾಕೆ ಹೀಗೆ ಮುಚ್ಚಿಡುತ್ತಾರೋ ಎಂದು ದೊಡ್ಡ ಮನುಷ್ಯಳ ಹಾಗೆ ಹೇಳುತ್ತಿದ್ದೆ.

ಆಮೇಲೆ ನಮ್ಮ ಬೀದಿಯ ಸರದಿ ಬಂತು.

ಫಾರಂ ತುಂಬುವುದು ನಾನೇ. ತುಂಬಿದ ಮೇಲೆ ಒಂದು ಬುಧವಾರ ಸಂಸ್ಥೆಯ ಮೂವರು ಖುದ್ದಾಗಿ ಬಂದು ಬೀದಿ ನೋಡುತ್ತಾರೆ ಎಂದು ತಿಳಿಸಿದ್ದರು. ಬೀದಿಯವರೆಲ್ಲ ನಮ್ಮ ಜಗುಲಿಯಲ್ಲಿ ಸೇರಿದರು. ನಮ್ಮ ಹುಡುಗಿಯೇ ಬರೆಯುವವಳು, ಅವಳಿಗೆ ಕೆಟ್ಟ ಹೆಸರು ಬರಬಾರದು ಎಂಬುದು ಅವರ ಕಾಳಜಿ. ನಮ್ಮ ಬೀದಿಗೆ ಕೆಟ್ಟ ಹೆಸರು ಬರಬಾರದು ಎಂಬುದು ನನ್ನದು. ತಿಪ್ಪೆಗಳ ಮೇಲೆ ಕೆಮ್ಮಣ್ಣು ಎಳೆದು, ಅದರ ಮೇಲೆ ಹೂವಿನ ಕುಂಡ ಇಡುವುದು ಎಂದಾಯಿತು. ಆ ಉಪಾಯ ಹೇಳಿದ್ದು ಯಾರು ಎಂದು ಈಗ ಯಾರೂ ನೆನೆಸುವುದಿಲ್ಲ. ನಾನೇ ಹೇಳಿದ್ದು.

ಅದರ ಹಿಂದಿನ ಬುಧವಾರ ದೊಡ್ಡಪ್ಪ ಬಂದಾಗ ಓಣಿಗೆ ಹೋಗಿ, ಬರುವ ವಾರ ಒಂದು ಬಿಟ್ಟು ಬನ್ನಿ, ಹೊರಗಿನವರು ಊರು ನೋಡಲು ಬರುತ್ತಾರೆ, ಓಣಿಯಲ್ಲಿ ಗೊಬ್ಬರದ ಗಾಡಿ ನಿಂತರೆ ಚೆನ್ನಾಗಿರುವುದಿಲ್ಲ ಎಂದೆ. ಅವರು ಎತ್ತಿನ ಹಣೆ ಕೆರೆಯುತ್ತಾ ಕೇಳಿಸಿಕೊಂಡರು.

“ಆಗ್ಲಿ ಕಣವ್ವ. ಅದರ ಮುಂದಿನ ವಾರ ಬತ್ತೀನಿ. ಸೊಪ್ಪು ಮಾತ್ರ ಒಂದು ವಾರ ತಪ್ತದೆ, ನಿಮ್ಮವ್ವನಿಗೆ ಯೋಳು.”

ಆ ರಾತ್ರಿ ಊಟಕ್ಕೆ ಮುಂಚೆ ಕೂತು ಬೀದಿಯ ಫಾರಂಗಳನ್ನೆಲ್ಲ ಪೂರ್ತಿ ಮಾಡಿದೆ. ಹಸಿಕಸದ ಪ್ರಶ್ನೆ ಬಂದಾಗಲೆಲ್ಲ ಕಸದ ವಾಹನಕ್ಕೆ ಎಂದು ಗುರುತು ಹಾಕಿದೆ. ವಾಹನ ಬರುತ್ತಿದ್ದುದು ನಿಜ, ಪ್ಲಾಸ್ಟಿಕ್ಕು, ಹರುಕು ಚಪ್ಪಲಿ ಹಾಕುತ್ತಿದ್ದುದೂ ನಿಜ. ಪ್ರತಿ ಹಾಳೆಯ ಕೆಳಗೂ ‘ಇತರೆ’ ಎಂಬ ಗೆರೆ ಇತ್ತು. ನಮ್ಮ ಮನೆಯ ಹಾಳೆಯಲ್ಲಿ ಅದರ ಮೇಲೆ ಪೆನ್ನು ಇಟ್ಟೆ. ಬುಧವಾರದ ಸರದಿ, ಜ್ವರ ನೋಡುವುದು, ಸೊಪ್ಪಿನ ಕಟ್ಟು, ಎಲ್ಲಿಂದ ಶುರು ಮಾಡಲಿ? ಓದುವವರು, ಇವರು ಇನ್ನೂ ತಿಪ್ಪೆ ಇಟ್ಟುಕೊಂಡಿದ್ದಾರೆ ಎಂದುಕೊಂಡರೆ? ಗೆರೆಯನ್ನು ಖಾಲಿ ಬಿಟ್ಟು ಹಾಳೆ ಮಗುಚಿದೆ.

ಬರುತ್ತೇವೆ ಎಂದವರು ಆ ಬುಧವಾರ ಬರಲಿಲ್ಲ, ಮುಂದಿನ ವಾರಕ್ಕೆ ಹಾಕಿದರು. ಅದು ಗೊತ್ತಿಲ್ಲದ ದೊಡ್ಡಪ್ಪ ಹೇಳಿದ ಮಾತಿನಂತೆ ಗಾಡಿ ಹೊಡೆದುಕೊಂಡು ಬಂದರು. ಓಣಿಯ ಬಾಯಲ್ಲೇ ಯಾರೋ ಎದುರಾಗಿ, ಇವತ್ತು ಅವರು ಬರುವ ದಿನ, ಮುಂದಿನ ವಾರ ಬಾ ಎಂದರಂತೆ. ನಮ್ಮ ಕಡೆ ಬಾಗಿಲಿಗೆ ಬಂದವರಿಗೆ ಬೇಡ ಎನ್ನುವ ರೂಢಿಯಿಲ್ಲ. ಬಳೆಗಾರನಿಗೂ ಭಿಕ್ಷುಕನಿಗೂ ಮುಂದಿನ ವಾರ ಬಾ ಎನ್ನುತ್ತೇವೆ. ಸಾಯಂಕಾಲ ಮನೆಗೆ ಹೊರಟವರಿಗೂ ಹೋಗು ಎನ್ನದೆ ಹೋಗಿ ಬಾ ಎನ್ನುತ್ತೇವೆ. ಇದು ಮರ್ಯಾದೆ ಎಂದು ಹಿರಿಯರು ಕಲಿಸಿದ್ದು. ಆ ಮರ್ಯಾದೆಯಿಂದಲೇ ನಾವು ಒಬ್ಬ ಮನುಷ್ಯನನ್ನು ಇಷ್ಟಿಷ್ಟಾಗಿ ಹೊರಗೆ ಹಾಕಿದೆವು.

ನೋಡಲು ಬಂದವರು ಬಂದು ಹೋದರು. ಅದರ ಮುಂದಿನ ವಾರ ಫಲಿತಾಂಶ ಬಂದಿಲ್ಲ, ಮತ್ತೆ ಬಂದು ನೋಡಿದರೂ ನೋಡಬಹುದು, ಮುಂದಿನ ವಾರ ಬಾ ಎಂದರು. ಆಮೇಲೆ ಕೆಮ್ಮಣ್ಣು ತೆಗೆಯಬೇಕಲ್ಲ, ಮುಂದಿನ ವಾರ. ಕುಂಡದಲ್ಲಿ ಸೇವಂತಿಗೆ ಮೊಗ್ಗು ಬಿಟ್ಟಿದೆ, ಮುಂದಿನ ವಾರ. ಒಂದೊಂದು ಮನೆಯವರೂ ತಾವೊಬ್ಬರೇ ಹೇಳುತ್ತಿದ್ದೇವೆ ಎಂದುಕೊಂಡಿದ್ದರು. ದೊಡ್ಡಪ್ಪ ಪ್ರತಿ ಬುಧವಾರ ಸೊಪ್ಪು ತುಂಬಿಕೊಂಡು ಬಂದು, ಮನೆಮನೆಗೆ ಕೊಟ್ಟು, ಖಾಲಿ ಗಾಡಿ ಹೊಡೆದುಕೊಂಡು ವಾಪಸ್ಸು ಹೋದರು. ನಾನು ಒಂದೆರಡು ಸಲ ಹಿತ್ತಲ ಬಾಗಿಲ ಸಂದಿಯಿಂದ ನೋಡಿದೆ. ಎದುರಿಗೆ ಸಿಕ್ಕರೆ ಏನು ಹೇಳುವುದು ಎಂದು ಹೊರಗೆ ಹೋಗಲಿಲ್ಲ. ಅಮ್ಮ ಮಾತ್ರ ಸೊಪ್ಪು ಈಸಿಕೊಳ್ಳುವಾಗ ಕೈ ಹಿಂದಕ್ಕೆ ಎಳೆದುಕೊಂಡು, ಸುಮ್ಮನೆ ಹೇಗಣ್ಣ ಈಸಿಕೊಳ್ಳಲಿ ಎಂದರಂತೆ. ಈಸ್ಕೊ ತಂಗಿ, ಹಿಂದೆ ಎಷ್ಟು ಉಂಡದೆ ನಮ್ಮ ಹೊಲ ಎಂದರಂತೆ ಅವರು.

ನಮ್ಮ ಬೀದಿಗೆ ಒಳ್ಳೆಯ ಅಂಕ ಬಂತು. ಬಯಲಿನ ರಾಶಿಯೇ ಇಲ್ಲದ ಬೀದಿ ಎಂದು ವರದಿಯಲ್ಲಿ ಅಚ್ಚಾಯಿತು. ಬೀದಿಯ ತುದಿಯಲ್ಲಿ ಹಸಿರು ಬೋರ್ಡು ನಿಂತಿತು, ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡೆವು. ಬೋರ್ಡು ನಿಂತ ಮೇಲೆ ಮಣ್ಣು ತೆಗೆದು ತಿಪ್ಪೆ ಬಗೆಯುವ ಧೈರ್ಯ ಯಾರಿಗೆ ಬರುತ್ತದೆ? ಹೆಸರಿಗೆ ತಕ್ಕಂತೆ ಇರಬೇಕು ಎಂದು ಬೀದಿಯವರೇ ಅರ್ಜಿ ಕೊಟ್ಟು, ಓಣಿಗೆ ಸಿಮೆಂಟಿನ ಬಿಲ್ಲೆ ಹಾಸಿಸಿಕೊಂಡರು. ಬಿಲ್ಲೆ ಒಡೆಯಬಾರದೆಂದು ಓಣಿಯ ಬಾಯಿಗೆ ಎರಡು ಕಬ್ಬಿಣದ ಕಂಬ ನೆಟ್ಟರು. ಬೈಕು ಹೋಗುತ್ತದೆ, ಗಾಡಿ ಹೋಗುವುದಿಲ್ಲ.

ಕಂಬ ನೆಟ್ಟ ನಂತರದ ಬುಧವಾರ ದೊಡ್ಡಪ್ಪನ ಗಾಡಿ ಅಲ್ಲಿ ನಿಂತಿತ್ತು. ಅವರು ಇಳಿದು ಒಂದು ಕಂಬವನ್ನು ಮುಟ್ಟಿ ನೋಡಿದರು. ಯಾರನ್ನೂ ಕರೆಯಲಿಲ್ಲ. ಸೊಪ್ಪಿನ ಕಟ್ಟುಗಳನ್ನು ಮೂಲೆಮನೆಯ ಜಗುಲಿಯ ಮೇಲೆ ಸಾಲಾಗಿ ಇಟ್ಟು ಗಾಡಿ ತಿರುಗಿಸಿಕೊಂಡರು. ಮುಂದಿನ ವಾರ ಬರಲಿಲ್ಲ.

ಆ ದೀಪಾವಳಿಗೆ ಅಮ್ಮ ಹಣತೆ ಹಿಡಿದು ಹಿತ್ತಲಿಗೆ ಹೋದವರು ಎಷ್ಟು ಹೊತ್ತಾದರೂ ಒಳಗೆ ಬರಲಿಲ್ಲ. ಹೋಗಿ ನೋಡಿದರೆ ಕುಂಡದ ಪಕ್ಕ ನಿಂತಿದ್ದರು. ಎಲ್ಲಿಡಲಿ ಎಂದು ನನ್ನನ್ನು ಕೇಳಿದರು. ಕುಂಡದ ಬುಡದಲ್ಲಿ ಇಡಿ ಎಂದೆ. ಇಟ್ಟರು, ಕೈ ಮಾತ್ರ ಮುಗಿಯಲಿಲ್ಲ.

ಹೋದ ವರ್ಷ ಅದೇ ಸಂಸ್ಥೆಯ ಅದೇ ಯುವಕ ಫೋನು ಮಾಡಿದ. ಎರಡನೆಯ ಸುತ್ತಿನ ಸಮೀಕ್ಷೆಯಂತೆ. ಈ ಸಲ ಕಾಗದ ಇಲ್ಲ, ಎಲ್ಲ ಮೊಬೈಲಿನಲ್ಲೇ. ಅವನ ದನಿಯಲ್ಲಿ ಸಂತೋಷವಿತ್ತು.

“ಮೇಡಂ, ನೀವು ಅವತ್ತು ತಿಪ್ಪೆ ಬಗ್ಗೆ ಕೇಳಿದ್ರಿ, ನೆನಪಿದ್ಯಾ? ನನಗೆ ಅದು ತಲೆಯಲ್ಲೇ ಉಳಿದುಬಿಡ್ತು. ಈ ಸಲ ಅದಕ್ಕೇ ಒಂದು ಕಾಲಂ ಹಾಕಿಸಿದೀನಿ. ಊರಿನ ಕಸ ವಾಪಸ್ಸು ಹೊಲಕ್ಕೆ ಹೋಗುತ್ತಾ ಅಂತ. ಬಹಳ ಅಂಕ ಇದೆ ಮೇಡಂ ಅದಕ್ಕೆ. ನಿಮ್ಮ ಬೀದಿದು ಒಂದು ಫೋಟೋ ಬೇಕಲ್ಲ.”

ನೋಡುತ್ತೇನೆ ಎಂದೆ. ಆ ಭಾನುವಾರ ಸೇತುವೆ ದಾಟಿ ದೊಡ್ಡಪ್ಪನ ಮನೆಗೆ ಹೋದೆ. ಅಷ್ಟು ವರ್ಷ ಅವರು ನಮ್ಮಲ್ಲಿಗೆ ಬಂದದ್ದೇ ಹೊರತು ನಾನು ಅಲ್ಲಿಗೆ ಹೋದದ್ದು ಅದೇ ಮೊದಲು. ಗಾಡಿಯ ಮೂಕಿ ನೆಲಕ್ಕೆ ಊರಿತ್ತು, ತೊಟ್ಟಿಯೊಳಗೆ ಕೋಳಿ ಮರಿ ಮಾಡಿಕೊಂಡಿತ್ತು. ಕೊಟ್ಟಿಗೆ ಖಾಲಿ. ದೊಡ್ಡಪ್ಪ ಸೊರಗಿ ಇಳಿದುಹೋಗಿದ್ದರು, ಆದರೂ ನನ್ನನ್ನು ಕಂಡ ಕೂಡಲೇ ಎದ್ದು ಹೆಗಲ ಮೇಲಿನ ಟವೆಲಿನಿಂದ ಜಗುಲಿ ಒರೆಸಿ ಕೂರಿಸಿದರು. ಎತ್ತುಗಳಿಗೆ ಕೆಲಸವಿಲ್ಲದೆ ಸುಮ್ಮನೆ ಕಟ್ಟಿ ಮೇಯಿಸುವುದು ಪಾಪ ಎಂದು ಬೇರೆಯವರಿಗೆ ಕೊಟ್ಟುಬಿಟ್ಟಿದ್ದರು. ಹೊಲಕ್ಕೆ ಈಗ ಅಂಗಡಿಯಿಂದ ಚೀಲದ ಗೊಬ್ಬರ. ರಾಗಿಯೇನೋ ಬರುತ್ತದಂತೆ. ಮಣ್ಣು ಮಾತ್ರ ಮೊದಲಿನ ಹಾಗೆ ಕೈಗೆ ಅಂಟುವುದಿಲ್ಲ ಎಂದರು.

ನಾನು ಬಂದ ವಿಷಯ ಹೇಳಿದೆ. ಫಾರಂ, ಕಾಲಂ, ಅವತ್ತು ಖಾಲಿ ಬಿಟ್ಟ ಗೆರೆ, ಒಂದನ್ನೂ ಬಿಡದೆ ಹೇಳಿದೆ. ಅವರು ಬೈಯಬಹುದು ಎಂದು ಕಾದೆ, ಒಂದು ರೀತಿಯಲ್ಲಿ ಬೈಯಲಿ ಎಂದೇ ಹೋಗಿದ್ದೆ. ಅವರು ಯೋಚನೆ ಮಾಡಿದ್ದು ಬೇರೆ.

“ಈಗ ಪಟ ಇಲ್ದಿದ್ರೆ ನಿನಗೇನಾರ ತೊಂದ್ರೆ ಆದದಾ?”

ಇಲ್ಲ ಎಂದೆ.

“ಅಂಗಲ್ಲ ಕಣವ್ವ. ನೀನು ಮಾತು ಕೊಟ್ಟಿರ್ತೀಯ. ಪಕ್ಕದ ಮನೆಯವ್ರ ಎತ್ತು ಕೇಳಿ ಈಸ್ಕೊತೀನಿ. ಗಾಡಿ ತೊಳ್ಕೊಂಡು ಕಂಬದ ತಾವ ನಿಲ್ಲಿಸ್ತೀನಿ. ತಳಕ್ಕೆ ಹುಲ್ಲು ತುಂಬಿ ಮ್ಯಾಲೆ ವಸಿ ಮಣ್ಣು ಎಳೆದ್ರೆ ಯಾರ್ಗೆ ಗೊತ್ತಾದದು? ಪಟಕ್ಕೆ ಅಷ್ಟು ಸಾಕು. ಗೊಬ್ಬರ ಮಾತ್ರ ಎಲ್ಲಿಂದ ತರಾನ.”

ತಮಾಷೆಗೆ ಹೇಳಿದ್ದಲ್ಲ. ನನಗೆ ಕೆಟ್ಟ ಹೆಸರು ಬರಬಾರದು ಎಂದೇ ಹೇಳಿದ್ದು. ತಿಪ್ಪೆಯ ಮೇಲೆ ನಾವು ಮಣ್ಣು ಎಳೆದೆವು, ಈಗ ಹುಲ್ಲಿನ ಮೇಲೆ ಮಣ್ಣು ಎಳೆಯಲು ಅವರು ಸಿದ್ಧವಾಗಿದ್ದರು, ಅದೂ ನನಗೋಸ್ಕರ. ಬೇಡ ದೊಡ್ಡಪ್ಪ ಎಂದೆ. ಆ ಬೀದಿಯವಳಾಗಿ ಅವರಿಗೆ ನಾನು ಬಾಯಿಬಿಟ್ಟು ಬೇಡ ಎಂದದ್ದು ಅದೊಂದೇ ಸಲ.

“ಅಂಗಾರೆ ಏನಂತ ಬರೀತೀಯ?”

“ಇತ್ತು ಅಂತ ಬರೀತೀನಿ. ನಾವೇ ಮುಚ್ಚಿದ್ವಿ ಅಂತಾನೂ.”

ಅವರು ಟವೆಲಿನಿಂದ ಮುಖ ಒರೆಸಿಕೊಂಡರು. “ಎತ್ತುಗಳ ಇಷ್ಯಾನೂ ಒಂದು ಮಾತು ಬರಿ,” ಎಂದರು. “ಅವು ಕಂಬದ ಎದುರ್ಗೆ ನಿಂತ್ಕೊಂಡು ಓಣಿ ಕಡೀಕೆ ಬಲಕ್ಕೆ ಬಲಕ್ಕೆ ಎಳೀತಿದ್ದೊ ಕಣವ್ವ. ತಿರುಗ್ಸಕೆ ನಂಗೆ ಸಾಕಾಗೋಯ್ತು.”

ಹೊರಡುವಾಗ ಹೊಲಕ್ಕೆ ಹೋಗಿ ಒಂದು ಕಟ್ಟು ದಂಟು ಕಿತ್ತು, ಬಾಳೆನಾರಿನಲ್ಲಿ ಬಿಗಿದು ತಂದು ಕೊಟ್ಟರು. ಮೊದಲಿನಷ್ಟು ದಪ್ಪ ಎಲೆಯಿಲ್ಲ, ನಿಮ್ಮವ್ವ ಬಯ್ಕೊಬಾರದು ಎಂದರು. ಬಸ್ಸು ಸಿಗಲಿಲ್ಲ, ಸೇತುವೆಯ ಮೇಲೆ ನಡೆದುಕೊಂಡೇ ಬಂದೆ.

ಮನೆಗೆ ಬಂದು ಮೊಬೈಲು ತೆಗೆದು ಆ ಕಾಲಮ್ಮಿಗೆ ಇಲ್ಲ ಎಂದು ಒತ್ತಿದೆ. ಕೆಳಗಿನ ಖಾಲಿ ಜಾಗದಲ್ಲಿ ಹಿಡಿಯುವಷ್ಟೂ ಬರೆದೆ, ಎತ್ತುಗಳ ಮಾತನ್ನೂ ಸೇರಿಸಿ. ಆಮೇಲೆ ದಂಟಿನ ಕಟ್ಟು ಬಿಚ್ಚಿ, ಬೇರು ಕತ್ತರಿಸಿ, ಹಣ್ಣೆಲೆ ಆರಿಸಿ ತೆಗೆದು, ಅದನ್ನೆಲ್ಲ ಎರಡೂ ಕೈಯಲ್ಲಿ ಬಾಚಿಕೊಂಡು ಹಿತ್ತಲ ಬಾಗಿಲು ತೆರೆದೆ. ಕಾಲು ತಾನಾಗಿ ಬಲಗಡೆಗೆ ತಿರುಗಿತು. ಬೇರಿಗೆ ಹೊಳೆಯಾಚೆಯ ಮಣ್ಣು ಇನ್ನೂ ಹಸಿಯಾಗಿ ಅಂಟಿಕೊಂಡಿತ್ತು. ಅಮ್ಮ ಒಳಗಿನಿಂದ ಏನು ಅಲ್ಲಿ ನಿಂತುಬಿಟ್ಟೆ ಎಂದು ಕೂಗಿದರು. ಏನಿಲ್ಲ ಎಂದು, ಒಳಗೆ ಬಂದು, ಬೆಳಗಿನ ವಾಹನಕ್ಕೆ ಇಟ್ಟ ಹಸಿರು ಬಕೆಟ್ಟಿಗೆ ಹಾಕಿ ಮುಚ್ಚಳ ಮುಚ್ಚಿದೆ.